ಹಳೇ ಕಾರಿಗೆ ವಾರಂಟಿ: ಓದಿ ನೋಡಿ, ಲೆಕ್ಕ ಹಾಕಿ



ಈ ಪಾಠದಲ್ಲಿ ಒಂದು ಕುಟುಂಬದ ಕಥೆ ಇದೆ. ಕಥೆ ಕಟ್ಟಿದ್ದು. ಕಥೆಯಲ್ಲಿ ಬರುವ ಬೆಲೆಗಳು ಲೆಕ್ಕ ಕಲಿಯಲು ಹಾಕಿದ ಬೆಲೆಗಳು. ನಿಮ್ಮ ಊರಿನಲ್ಲಿ ಹೆಚ್ಚು ಕಡಿಮೆ ಇರಬಹುದು. ಆದರೆ ಇಂಥ ಸಂಗತಿ ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವಂಥದ್ದೇ. ನಿಧಾನವಾಗಿ ಓದಿ. ಓದಲು ಬಾರದವರಿಗೆ ಓದಿ ಹೇಳಿ.

1. ಕಾರು ಏಕೆ ಬೇಕಾಯಿತು?

ತಿಪಟೂರಿನ ಹತ್ತಿರ ಒಂದು ಹಳ್ಳಿ. ಅಲ್ಲಿ ಶಿವಣ್ಣ ಮತ್ತು ಗೌರಮ್ಮ ಇದ್ದಾರೆ. ಅವರಿಗೆ ಒಂದೂವರೆ ಎಕರೆ ತೆಂಗಿನ ತೋಟ ಇದೆ. ಕೊಬ್ಬರಿ ಮಾರಿದ ಹಣದಲ್ಲೇ ಸಂಸಾರ ನಡೆಯಬೇಕು. ಮಗಳು ಚೈತ್ರಾ ಪಿ.ಯು.ಸಿ. ಓದುತ್ತಿದ್ದಾಳೆ.

ಶಿವಣ್ಣನ ತಾಯಿ ಪುಟ್ಟಮ್ಮ. ಅವರಿಗೆ ಎರಡೂ ಮೂತ್ರಪಿಂಡ ಕೆಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕು. ಡಯಾಲಿಸಿಸ್ ಎಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡುವುದು. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಅದು ಮುಗಿದ ಮೇಲೆ ಪುಟ್ಟಮ್ಮನಿಗೆ ನಡೆಯಲು ಶಕ್ತಿ ಇರುವುದಿಲ್ಲ. ಬಸ್ಸು ಊರೊಳಗೆ ಬರುವುದಿಲ್ಲ. ಎರಡು ಕಿಲೋಮೀಟರ್ ದೂರದ ಕ್ರಾಸಿನಲ್ಲಿ ನಿಲ್ಲುತ್ತದೆ.

ಅದಕ್ಕೇ ಬಾಡಿಗೆ ಕಾರು ಮಾಡುತ್ತಿದ್ದರು. ಹೋಗಿ ಬರಲು 800 ರೂಪಾಯಿ. ತಿಂಗಳಿಗೆ ಎಂಟು ಸಲ. ಅಂದರೆ 6,400 ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿದರೆ 76,800 ರೂಪಾಯಿ.

"ಈ ದುಡ್ಡಿಗೆ ಒಂದು ಹಳೇ ಕಾರು ತಗೊಂಡ್ರೆ ವಾಸಿ ಅಲ್ವೇನೆ?" ಎಂದ ಶಿವಣ್ಣ. ಅವನಿಗೆ ಕಾರು ಓಡಿಸಲು ಬರುತ್ತದೆ. ಲೈಸೆನ್ಸೂ ಇದೆ.

ಗೌರಮ್ಮ ಒಪ್ಪಿದಳು. ಕೂಡಿಟ್ಟ ಕೊಬ್ಬರಿ ಮಾರಿದರು. ಗೌರಮ್ಮ ಸ್ತ್ರೀಶಕ್ತಿ ಸಂಘದಲ್ಲಿ 50,000 ರೂಪಾಯಿ ಸಾಲ ತೆಗೆದಳು. ಒಟ್ಟು 2,40,000 ರೂಪಾಯಿ ಕೈಗೆ ಬಂತು. ಅಷ್ಟೇ ಹಣ. ಅದು ಕಳೆದುಹೋದರೆ ಬೇರೆ ಹಣ ಇಲ್ಲ.

2. ಕಾರಿನ ಅಂಗಡಿಯಲ್ಲಿ

ಹಳೇ ಕಾರು ಮಾರುವ ಅಂಗಡಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಒಂದು ಬಿಳಿ ಕಾರು ಮೆಚ್ಚಿಗೆ ಆಯಿತು. ಮಾರುತಿ ಆಲ್ಟೊ 800. 2017ರ ಕಾರು. 62,000 ಕಿಲೋಮೀಟರ್ ಓಡಿದೆ. ಬೆಲೆ 2,20,000 ರೂಪಾಯಿ.

ಅಂಗಡಿಯ ಹುಡುಗ ಹೇಳಿದ:

"ಅಣ್ಣ, ಇನ್ನೊಂದು 9,500 ಕೊಟ್ಬಿಡಿ. ಒಂದು ವರ್ಷ ವಾರಂಟಿ ಹಾಕ್ಸಿಕೊಡ್ತೀವಿ. ಏನೇ ಕೆಟ್ರೂ ನಾವ್ ನೋಡ್ಕೋತೀವಿ. ನೀವು ಪೆಟ್ರೋಲ್ ಹಾಕ್ಸಿ ಓಡ್ಸೋದು ಅಷ್ಟೆ."

ಶಿವಣ್ಣನಿಗೆ ಸಮಾಧಾನ ಆಯಿತು. ಡಯಾಲಿಸಿಸ್ ದಿನ ಕಾರು ಕೆಟ್ಟರೆ ಏನು ಗತಿ ಎಂಬ ಭಯ ಅವನಿಗೆ ಇತ್ತು. ಜೇಬಿಗೆ ಕೈ ಹಾಕಿದ.

ಗೌರಮ್ಮ ಕೇಳಿದಳು: "ಏನೇ ಕೆಟ್ರೂ ಅಂದ್ಯಲ್ಲಪ್ಪ, ಆ ಮಾತು ಕಾಗದದಲ್ಲಿ ಎಲ್ಲಿ ಬರೆದದೆ? ತೋರ್ಸು."

"ಹಣ ಕಟ್ಟಿದ ಮೇಲೆ ಕಾಗದ ಕೊಡ್ತೀವಿ ಅಕ್ಕ."

"ಹಣ ಕಟ್ಟಾದ ಮೇಲೆ ಓದಿ ಏನು ಬಂತು? ಈಗ್ಲೇ ಕೊಡು. ಮನೆಗೆ ತಗೊಂಡು ಹೋಗಿ ಓದ್ತೀವಿ."

"ನಾಳೆ ಬಂದ್ರೆ ಈ ರೇಟು ಇರಲ್ಲ ಅಕ್ಕ."

"ಇಲ್ದಿದ್ರೆ ಇಲ್ಲ. ಓದದೆ ಹಣ ಕಟ್ಟಲ್ಲ."

ಹುಡುಗ ಒಳಗೆ ಹೋಗಿ ನಾಲ್ಕು ಹಾಳೆ ತಂದುಕೊಟ್ಟ. ಅಕ್ಷರ ಸಾಸಿವೆ ಕಾಳಿನಷ್ಟು ಸಣ್ಣದು. ಎಲ್ಲಾ ಇಂಗ್ಲಿಷಿನಲ್ಲಿ ಇತ್ತು. ಕನ್ನಡದ ಪ್ರತಿ ಇಲ್ಲ ಎಂದ.

ಗೌರಮ್ಮ ಓದು ಕಲಿತು ಮೂರು ವರ್ಷ ಆಗಿದೆ. ಊರಿನ ಕಲಿಕಾ ಕೇಂದ್ರದಲ್ಲಿ ಕಲಿತಳು. ಕನ್ನಡ ನಿಧಾನವಾಗಿ ಓದುತ್ತಾಳೆ. ಇಂಗ್ಲಿಷ್ ಬರುವುದಿಲ್ಲ. ಆದರೂ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

3. ವಾರಂಟಿ ಎಂದರೇನು?

ವಾರಂಟಿ ಎಂದರೆ ಬರೆದುಕೊಟ್ಟ ಮಾತು. "ಇಷ್ಟು ದಿನದೊಳಗೆ ಇಂಥ ಭಾಗ ಕೆಟ್ಟರೆ ನಾವು ಸರಿ ಮಾಡಿಕೊಡುತ್ತೇವೆ" ಎಂಬ ಮಾತು.

ಹೊಸ ಕಾರು ಕೊಂಡರೆ ಕಾರು ಮಾಡಿದ ಕಂಪನಿಯೇ ವಾರಂಟಿ ಕೊಡುತ್ತದೆ. ಅದರ ಬೆಲೆ ಕಾರಿನ ಬೆಲೆಯಲ್ಲೇ ಸೇರಿರುತ್ತದೆ. ಮಾರುತಿ ಕಂಪನಿ ಹಿಂದೆ ಎರಡು ವರ್ಷ ಅಥವಾ 40,000 ಕಿಲೋಮೀಟರ್ ವಾರಂಟಿ ಕೊಡುತ್ತಿತ್ತು. 2024ರ ಜುಲೈನಿಂದ ಅದನ್ನು ಮೂರು ವರ್ಷ ಅಥವಾ 1,00,000 ಕಿಲೋಮೀಟರಿಗೆ ಏರಿಸಿತು. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಶಿವಣ್ಣ ನೋಡಿದ ಕಾರು 2017ರದ್ದು. ಅದರ ಮೊದಲ ವಾರಂಟಿ ಮುಗಿದು ಬಹಳ ಕಾಲ ಆಗಿದೆ.

ಮೊದಲ ವಾರಂಟಿ ಮುಗಿದ ಮೇಲೂ ರಕ್ಷಣೆ ಬೇಕು ಎನ್ನುವವರಿಗೆ ಹಣ ಪಡೆದು ಕೊಡುವುದೇ ಎಕ್ಸ್‌ಟೆಂಡೆಡ್ ವಾರಂಟಿ. ಅಂದರೆ ಅವಧಿ ಮುಂದುವರಿಸಿದ ವಾರಂಟಿ. ಇದನ್ನು ಕೆಲವು ಸಲ ಕಾರು ಮಾಡಿದ ಕಂಪನಿಯೇ ಕೊಡುತ್ತದೆ. ಕೆಲವು ಸಲ ಬೇರೆ ಯಾವುದೋ ಕಂಪನಿ ಕೊಡುತ್ತದೆ. ಅಂಗಡಿಯವರು ನಡುವೆ ನಿಂತು ಮಾರುತ್ತಾರೆ. ಮಾರಿದ್ದಕ್ಕೆ ಅವರಿಗೆ ಕಮಿಷನ್ ಸಿಗುತ್ತದೆ.

ವಾರಂಟಿ ಬೇರೆ, ಇನ್ಶೂರೆನ್ಸ್ ಬೇರೆ. ಇದನ್ನು ಚೆನ್ನಾಗಿ ನೆನಪಿಡಿ.

ಇನ್ಶೂರೆನ್ಸ್ ಎಂದರೆ ವಿಮೆ. ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ ವಿಮೆಯಿಂದ ಪರಿಹಾರ ಸಿಗುತ್ತದೆ. ಈ ವಿಮೆ ಕಡ್ಡಾಯ. 1988ರ ಮೋಟಾರು ವಾಹನ ಕಾಯಿದೆ ಹಾಗೆ ಹೇಳುತ್ತದೆ. ನಮ್ಮ ಕಾರೇ ಕಳವಾದರೆ, ಬೆಂಕಿ ಬಿದ್ದರೆ, ಗುದ್ದಿ ಹಾಳಾದರೆ ಹಣ ಬೇಕು ಎಂದರೆ ಇನ್ನೂ ಹೆಚ್ಚಿನ ವಿಮೆ ಮಾಡಿಸಬೇಕು.

ವಾರಂಟಿ ಇದಾವುದಕ್ಕೂ ಬರುವುದಿಲ್ಲ. ಕಾರಿನ ಒಳಗಿನ ಭಾಗ ತಾನಾಗಿ ಕೆಟ್ಟರೆ ಮಾತ್ರ ವಾರಂಟಿ ಬರುತ್ತದೆ. ವಾರಂಟಿ ಕಡ್ಡಾಯವಲ್ಲ. ಅದು ನಮ್ಮ ಇಷ್ಟ.

4. ಗೌರಮ್ಮನ ಎರಡು ಪಟ್ಟಿ

ರಾತ್ರಿ ಊಟ ಆಯಿತು. ಚೈತ್ರಾ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದಳು. ತಿಳಿಯದ ಕಡೆ ಮತ್ತೆ ಓದಿದಳು. ಗೌರಮ್ಮ ತನ್ನ ನೋಟ್ ಪುಸ್ತಕದ ಹಾಳೆಯ ನಡುವೆ ಗೆರೆ ಎಳೆದಳು. ಒಂದು ಕಡೆ "ಕೊಡ್ತಾರೆ" ಎಂದು ಬರೆದಳು. ಇನ್ನೊಂದು ಕಡೆ "ಕೊಡಲ್ಲ" ಎಂದು ಬರೆದಳು.

ಕೊಡ್ತಾರೆ:
- ಎಂಜಿನ್ನಿನ ಒಳಗಿನ ಭಾಗಗಳು
- ಗೇರ್ ಬಾಕ್ಸಿನ ಒಳಗಿನ ಭಾಗಗಳು
- ವರ್ಷಕ್ಕೆ ಒಟ್ಟು 20,000 ರೂಪಾಯಿ ಮೀರದಂತೆ

ಕೊಡಲ್ಲ:
- ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿ, ಬೆಲ್ಟು, ಬಲ್ಬು
- ರಬ್ಬರ್ ಪೈಪುಗಳು, ಇಲಿ ಕಡಿದ ವೈರು
- ಕೊಂಡ ಮೊದಲ 30 ದಿನದಲ್ಲಿ ಕೆಟ್ಟದ್ದು
- ಕೊಳ್ಳುವ ಮುಂಚೆಯೇ ಇದ್ದ ದೋಷ
- ಎಂಜಿನ್ ಕಾದರೂ ನಿಲ್ಲಿಸದೆ ಓಡಿಸಿ ಕೆಡಿಸಿದ್ದು
- ಕಾರನ್ನು ಬಾಡಿಗೆಗೆ ಓಡಿಸಿದರೆ ಯಾವುದೂ ಇಲ್ಲ

ಕೆಳಗೆ ಇನ್ನೊಂದು ಮಾತಿತ್ತು. ಆರು ತಿಂಗಳಿಗೆ ಒಂದು ಸಲ ಅವರು ಹೇಳಿದ ವರ್ಕ್‌ಶಾಪಿನಲ್ಲೇ ಸರ್ವೀಸ್ ಮಾಡಿಸಬೇಕು. ಒಂದು ಸರ್ವೀಸ್ ತಪ್ಪಿದರೂ ವಾರಂಟಿ ಹೋಯಿತು. ಬಿಲ್ಲು ಇಟ್ಟುಕೊಂಡಿರಬೇಕು. ಆ ವರ್ಕ್‌ಶಾಪ್ ಇರುವುದು ತುಮಕೂರಿನಲ್ಲಿ. ತಿಪಟೂರಿನಿಂದ ಸುಮಾರು 70 ಕಿಲೋಮೀಟರ್.

ಪಟ್ಟಿ ನೋಡಿ ಶಿವಣ್ಣ ಹೇಳಿದ: "ಏನೇ ಕೆಟ್ರೂ ನೋಡ್ಕೋತೀವಿ ಅಂದ್ನಲ್ಲೇ ಆ ಹುಡ್ಗ!"

"ಅದು ಬಾಯಿಮಾತು ಕಣ್ರೀ. ಬಾಯಿಮಾತು ಗಾಳಿಗೆ ಹೋಯ್ತದೆ. ಕಾಗದದಲ್ಲಿ ಇರೋದೇ ಉಳಿಯೋದು" ಎಂದಳು ಗೌರಮ್ಮ.

ಕ್ಲಚ್ಚು, ಬ್ರೇಕು, ಟೈರು ಏಕೆ ಪಟ್ಟಿಯಲ್ಲಿ ಇಲ್ಲ? ಅವು ಉಜ್ಜಿ ಉಜ್ಜಿ ಸವೆಯುವ ಭಾಗಗಳು. ಚಪ್ಪಲಿ ಸವೆದ ಹಾಗೆ ಸವೆಯುತ್ತವೆ. ಸವೆಯುವುದು ಖಂಡಿತ. ಖಂಡಿತ ಆಗುವ ಖರ್ಚನ್ನು ವಾರಂಟಿಯವರು ಸಾಮಾನ್ಯವಾಗಿ ಹೊರುವುದಿಲ್ಲ. ಹಳೇ ಕಾರಿನಲ್ಲಿ ಮೊದಲು ಖರ್ಚು ಬರುವುದು ಇಂಥ ಭಾಗಗಳಿಗೇ.

5. ರಹಮತ್ ಮೇಸ್ತ್ರಿ ಕಾರು ನೋಡಿದ್ದು

ಮಾರನೇ ದಿನ ಶಿವಣ್ಣ ರಹಮತ್ ಮೇಸ್ತ್ರಿಯನ್ನು ಕರೆದುಕೊಂಡು ಹೋದ. ರಹಮತ್ ಗಾಡಿ ರಿಪೇರಿ ಮಾಡುವವನು. ಕಾರು ನೋಡಿ ಹೇಳಲು 1,000 ರೂಪಾಯಿ ಕೂಲಿ ಮಾತಾಯಿತು.

ರಹಮತ್ ಹೇಳಿದ: "ನಾನು ಬರೋವರ್ಗೂ ಎಂಜಿನ್ ಸ್ಟಾರ್ಟ್ ಮಾಡ್ಬೇಡಿ ಅಂತ ಅಂಗಡಿಯೋರ್ಗೆ ಹೇಳಿ ಶಿವಣ್ಣ. ತಣ್ಣಗಿರೋ ಎಂಜಿನ್ ನಿಜ ಹೇಳ್ತದೆ."

ಅವನು ನೋಡಿದ್ದು ಇಷ್ಟು:

ತಣ್ಣಗಿರುವ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆಯೇ?
ಹೊಗೆಯ ಬಣ್ಣ ಏನು? ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಅದು ದೊಡ್ಡ ಖರ್ಚಿನ ಸೂಚನೆ.
ಎಂಜಿನ್ ತಂಪು ಮಾಡುವ ನೀರು ಸೋರುತ್ತಿದೆಯೇ?
ನಾಲ್ಕು ಟೈರೂ ಒಂದೇ ಸಮ ಸವೆದಿವೆಯೇ?
ಕೆಳಗೆ ತುಕ್ಕು ಹಿಡಿದಿದೆಯೇ? ಗುದ್ದಿ ಬಡಿದು ಸರಿ ಮಾಡಿದ ಗುರುತು ಇದೆಯೇ?
ಹಳೇ ಸರ್ವೀಸ್ ಬಿಲ್ಲುಗಳು ಇವೆಯೇ? ಬಿಲ್ಲಿನ ಕಿಲೋಮೀಟರಿಗೂ ಮೀಟರಿನ ಕಿಲೋಮೀಟರಿಗೂ ತಾಳೆ ಆಗುತ್ತದೆಯೇ?

ಕೊನೆಗೆ ಹತ್ತು ಕಿಲೋಮೀಟರ್ ಓಡಿಸಿ ನೋಡಿದ.

"ಎಂಜಿನ್ ಚೆನ್ನಾಗದೆ. ಹೊಗೆ ಇಲ್ಲ. ಗೇರ್ ಬಾಕ್ಸೂ ಪರವಾಗಿಲ್ಲ. ಒಂದು ನೀರಿನ ಪೈಪು ಸೋರ್ತಾ ಅದೆ. ಅದನ್ನ ಇವ್ರೇ ಹಾಕ್ಸಿಕೊಡ್ಲಿ. ಇಲ್ದಿದ್ರೆ ಎಂಜಿನ್ ಕಾದು ಕೆಡ್ತದೆ. ಕ್ಲಚ್ ಸವೆದದೆ, ಒಂದು ವರ್ಷದೊಳಗೆ ಹಾಕ್ಸಬೇಕು. 5,500 ಆಯ್ತದೆ. ಬ್ಯಾಟರಿನೂ ಹಳೇದು. ಅದಕ್ಕೆ 4,000."

ಶಿವಣ್ಣ ಕೇಳಿದ: "ವಾರಂಟಿ ಇದ್ರೆ ಇವೆಲ್ಲಾ ಅವ್ರೇ ಹಾಕ್ಸಿಕೊಡ್ತಾರಾ?"

ಗೌರಮ್ಮ ನೋಟ್ ಪುಸ್ತಕ ತೆಗೆದಳು. ಕ್ಲಚ್ಚು "ಕೊಡಲ್ಲ" ಕಡೆ ಇತ್ತು. ಬ್ಯಾಟರಿಯೂ "ಕೊಡಲ್ಲ" ಕಡೆ ಇತ್ತು. ರಬ್ಬರ್ ಪೈಪೂ ಅಲ್ಲೇ ಇತ್ತು.

6. ವಾರಂಟಿಯ ನಿಜವಾದ ಬೆಲೆ

ವಾರಂಟಿಯ ಬೆಲೆ 9,500 ರೂಪಾಯಿ ಎಂದು ಹುಡುಗ ಹೇಳಿದ್ದ. ಅಷ್ಟೇನಾ? ಲೆಕ್ಕ ಹಾಕೋಣ.

ವರ್ಷಕ್ಕೆ ಎರಡು ಸಲ ತುಮಕೂರಿನಲ್ಲಿ ಸರ್ವೀಸ್ ಮಾಡಿಸಬೇಕು. ಅಲ್ಲಿ ಒಂದು ಸಲಕ್ಕೆ 3,500 ರೂಪಾಯಿ. ರಹಮತ್ ಹತ್ತಿರ ಆದರೆ 2,000 ರೂಪಾಯಿ. ಒಂದು ಸಲಕ್ಕೆ 1,500 ಹೆಚ್ಚು. ಎರಡು ಸಲಕ್ಕೆ 3,000 ಹೆಚ್ಚು.

ಹೋಗಿ ಬರಲು 140 ಕಿಲೋಮೀಟರ್. ಪೆಟ್ರೋಲಿಗೆ ಸುಮಾರು 700 ರೂಪಾಯಿ. ಎರಡು ಸಲಕ್ಕೆ 1,400.

ವಾರಂಟಿ: 9,500
ಸರ್ವೀಸಿಗೆ ಹೆಚ್ಚು ಹಣ: 3,000
ಪೆಟ್ರೋಲ್: 1,400
ಒಟ್ಟು: 13,900 ರೂಪಾಯಿ

ಎರಡು ದಿನದ ತೋಟದ ಕೆಲಸ ಕೆಡುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಅತಿ ಕೆಟ್ಟದ್ದನ್ನು ಯೋಚಿಸೋಣ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಾಯಿತು. 35,000 ರೂಪಾಯಿ ಖರ್ಚು ಬಂತು. ವಾರಂಟಿಯವರು 20,000 ಕೊಡುತ್ತಾರೆ. ಉಳಿದ 15,000 ನಾವು ಹಾಕಬೇಕು. ವಾರಂಟಿಗಾಗಿ ಆಗಲೇ 13,900 ಹೋಗಿದೆ. ಎರಡೂ ಸೇರಿ ನಮ್ಮ ಕೈಯಿಂದ ಹೋದದ್ದು 28,900.

ವಾರಂಟಿ ಇಲ್ಲದಿದ್ದರೆ 35,000 ಹೋಗುತ್ತಿತ್ತು. ಅಂದರೆ ಅತಿ ಕೆಟ್ಟದ್ದು ಆದರೂ ಉಳಿಯುವುದು 6,100 ರೂಪಾಯಿ. ಏನೂ ಆಗದಿದ್ದರೆ 13,900 ಪೂರ್ತಿ ಹೋಯಿತು.

ಇನ್ನೊಂದು ವಿಷಯ ಯೋಚಿಸಿ. ಹತ್ತು ಮನೆಯವರು ತಲಾ 9,500 ಕೊಟ್ಟರೆ ವಾರಂಟಿಯವರಿಗೆ 95,000 ಬರುತ್ತದೆ. ಅದರಲ್ಲಿ ತೆರಿಗೆ ಹೋಗುತ್ತದೆ. ಮಾರಿದವರ ಕಮಿಷನ್ ಹೋಗುತ್ತದೆ. ಆಫೀಸಿನ ಖರ್ಚು, ಲಾಭ ಹೋಗುತ್ತದೆ. ಉಳಿದದ್ದು ರಿಪೇರಿಗೆ. ಹಾಗಾಗಿ ಹತ್ತು ಮನೆಯವರೂ ಕೊಟ್ಟ ಹಣ ಹತ್ತು ಮನೆಗೂ ಪೂರ್ತಿ ಹಿಂದೆ ಬರಲು ಸಾಧ್ಯವಿಲ್ಲ. ಒಂದಿಬ್ಬರಿಗೆ ಹೆಚ್ಚು ಸಿಗುತ್ತದೆ. ಉಳಿದವರಿಗೆ ಸಿಗುವುದಿಲ್ಲ. ಇದರಲ್ಲಿ ಮೋಸ ಇಲ್ಲ. ವಾರಂಟಿ ನಡೆಯುವ ರೀತಿಯೇ ಹಾಗೆ. ನಮ್ಮಿಂದ ಹೊರಲಾಗದ ದೊಡ್ಡ ಖರ್ಚಿಗೆ ಮಾತ್ರ ಇಂಥ ಹಣ ಕಟ್ಟುವುದು ಸರಿ.

7. ಗೌರಮ್ಮ ಕೇಳಿದ ಒಂದು ಪ್ರಶ್ನೆ

ಲೆಕ್ಕ ಆದ ಮೇಲೂ ಶಿವಣ್ಣನಿಗೆ ಮನಸ್ಸು ಒಪ್ಪಲಿಲ್ಲ.

"ಎಲ್ಲಾ ಸರಿ. ಆದ್ರೆ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ದಿನ ಕಾರು ಕೆಟ್ರೆ? ಡಯಾಲಿಸಿಸ್ ತಪ್ಪಿದ್ರೆ? ನಂಗೆ ಅದೇ ಭಯ."

ಗೌರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

"ವಾರಂಟಿ ಇದ್ರೆ ಕಾರು ಕೆಡೋದು ನಿಲ್ತದಾ?"

"ಇಲ್ಲ."

"ಆ ದಿನ ಅವ್ರು ಬೇರೆ ಕಾರು ಕಳಿಸ್ತಾರಾ?"

ಚೈತ್ರಾ ನಾಲ್ಕೂ ಹಾಳೆ ತಿರುವಿ ನೋಡಿದಳು. ಅಂಥ ಮಾತು ಎಲ್ಲೂ ಇರಲಿಲ್ಲ.

"ಕಾರನ್ನ ತುಮಕೂರಿಗೆ ಎಳ್ಕೊಂಡು ಹೋಗ್ಬೇಕು. ಅವ್ರು ನೋಡಿ ಒಪ್ಪಿದ ಮೇಲೆ ರಿಪೇರಿ. ನಾಲ್ಕು ದಿನ ಅಲ್ಲೇ ನಿಲ್ತದೆ. ಅವ್ವನಿಗೆ ಆಗ್ಲೂ ಬಾಡಿಗೆ ಕಾರೇ ಗತಿ. ನಮಗೆ ಆ ದಿನ ಬೇಕಾಗಿರೋದು ಕೈಯಲ್ಲಿ ಹಣ ಕಣ್ರೀ. ಚೀಟಿ ಅಲ್ಲ."

ಪುಟ್ಟಮ್ಮ ಮೂಲೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದರು. "ಗೌರಿ ಹೇಳೋದು ಸರಿ ಕಣ್ಲಾ" ಎಂದರು.

8. ತೀರ್ಮಾನ

ಮರುದಿನ ಅಂಗಡಿಗೆ ಹೋದರು. ವಾರಂಟಿ ಬೇಡ ಎಂದರು. ಅಂಗಡಿಯ ಹುಡುಗ ಮುಖ ಗಂಟು ಹಾಕಿದ.

"ವಾರಂಟಿ ತಗೊಳ್ದಿದ್ರೆ ಕಾರು ಕೊಡಲ್ಲ ಅಕ್ಕ. ಎರಡೂ ಒಟ್ಟಿಗೇ."

"ಅದನ್ನ ಬರ್ಕೊಡಪ್ಪ" ಎಂದಳು ಗೌರಮ್ಮ.

ಹುಡುಗ ಬರೆದುಕೊಡಲಿಲ್ಲ. ಏಕೆ ಗೊತ್ತೆ? ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಒತ್ತಾಯ ಮಾಡುವುದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದನ್ನು ನಿರ್ಬಂಧಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ.

ಆಮೇಲೆ ಮಾಲೀಕರೇ ಬಂದು ಮಾತಾಡಿದರು. ಕ್ಲಚ್ಚು, ಬ್ಯಾಟರಿ ಹಳೆಯದು ಎಂದು ರಹಮತ್ ತೋರಿಸಿದ. ಬೆಲೆ 2,11,000ಕ್ಕೆ ಇಳಿಯಿತು. ಸೋರುವ ಪೈಪನ್ನು ಅಂಗಡಿಯವರೇ ಬದಲಾಯಿಸಿದರು. ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಂಡರು.

ವಾರಂಟಿಗೆ ಕೊಡಬೇಕಿದ್ದ 9,500 ರೂಪಾಯಿಯನ್ನು ಗೌರಮ್ಮ ಖರ್ಚು ಮಾಡಲಿಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಟ್ಟಳು. ತಿಂಗಳಿಗೆ 500 ರೂಪಾಯಿ ಸೇರಿಸುತ್ತಾ ಹೋದಳು. ಅದಕ್ಕೆ "ಕಾರಿನ ಹಣ" ಎಂದು ಹೆಸರಿಟ್ಟಳು. ಮದುವೆ, ಹಬ್ಬ ಏನೇ ಬಂದರೂ ಅದನ್ನು ಮುಟ್ಟಬಾರದು ಎಂದು ಮನೆಯವರೆಲ್ಲ ಮಾತು ಕೊಟ್ಟರು.

ಮೊದಲ ತಿಂಗಳಲ್ಲೇ ಎಂಜಿನ್ ಕೆಟ್ಟರೆ ಈ ಹಣ ಸಾಲುವುದಿಲ್ಲ. ಅದು ಗೌರಮ್ಮನಿಗೆ ಗೊತ್ತಿತ್ತು. ಅಂಥ ಸಮಯಕ್ಕೆ ತುರ್ತು ಸಾಲ ಸಿಗುತ್ತದೆಯೇ ಎಂದು ಸಂಘದಲ್ಲಿ ಮುಂಚೆಯೇ ಕೇಳಿಟ್ಟುಕೊಂಡಳು.

ಒಂದು ವರ್ಷ ಕಳೆಯಿತು. ಗೌರಮ್ಮನ ಪುಸ್ತಕದ ಲೆಕ್ಕ ಹೀಗಿದೆ:

ಮೊದಲು ಇಟ್ಟ ಹಣ: 9,500
ತಿಂಗಳಿಗೆ 500ರಂತೆ 12 ತಿಂಗಳು: 6,000
ಒಟ್ಟು: 15,500

ಬ್ಯಾಟರಿ: 4,000
ಕ್ಲಚ್: 5,500
ಕ್ಲಚ್ ಹಾಕಿಸಿದ ದಿನ ಬಾಡಿಗೆ ಕಾರು: 800
ಒಟ್ಟು ಖರ್ಚು: 10,300

ಉಳಿದದ್ದು: 5,200 ರೂಪಾಯಿ

ಈ ಮೂರು ಖರ್ಚಿನಲ್ಲಿ ಒಂದನ್ನೂ ವಾರಂಟಿ ಕೊಡುತ್ತಿರಲಿಲ್ಲ. ಪುಟ್ಟಮ್ಮನ ಡಯಾಲಿಸಿಸ್ ಒಂದು ದಿನವೂ ತಪ್ಪಲಿಲ್ಲ.

9. ಎಲ್ಲರಿಗೂ ಒಂದೇ ಉತ್ತರ ಅಲ್ಲ

ಹಾಗಾದರೆ ವಾರಂಟಿ ಕೊಳ್ಳಲೇಬಾರದೆ? ಹಾಗಲ್ಲ.

ತುಮಕೂರಿನಲ್ಲೇ ಇರುವ ಒಂದು ಕುಟುಂಬ ಎಂದುಕೊಳ್ಳಿ. ಅವರು ನಾಲ್ಕು ವರ್ಷದ ಡೀಸೆಲ್ ಕಾರು ಕೊಂಡರು. ಅದು ತಾನೇ ಗೇರ್ ಬದಲಿಸುವ ಕಾರು. ಇಂಥ ಗೇರ್ ಬಾಕ್ಸ್ ಕೆಟ್ಟರೆ ಲಕ್ಷ ರೂಪಾಯಿ ಖರ್ಚು ಬರಬಹುದು. ಊರ ಮೇಸ್ತ್ರಿಯ ಕೈಯಲ್ಲಿ ರಿಪೇರಿ ಆಗುವುದು ಕಷ್ಟ. ಕಾರು ಮಾಡಿದ ಕಂಪನಿಯ ವಾರಂಟಿ ಒಂದು ವರ್ಷಕ್ಕೆ 18,000 ರೂಪಾಯಿ. ಗೇರ್ ಬಾಕ್ಸಿನ ಪೂರ್ತಿ ಖರ್ಚು ಕೊಡುತ್ತೇವೆ ಎಂದು ಕಾಗದದಲ್ಲಿ ಇದೆ. ವರ್ಕ್‌ಶಾಪ್ ಮನೆಯಿಂದ ಎರಡು ಕಿಲೋಮೀಟರ್. ಇವರಿಗೆ ವಾರಂಟಿ ಕೊಳ್ಳುವುದು ಸರಿ ಇರಬಹುದು.

ಕಾರು ಮಾಡಿದ ಕಂಪನಿಯ ಮುಂದುವರಿದ ವಾರಂಟಿಯನ್ನು ಸಾಮಾನ್ಯವಾಗಿ ಹಿಂದಿನ ವಾರಂಟಿ ಮುಗಿಯುವ ಮೊದಲೇ ಕೊಳ್ಳಬೇಕು. ಹಳೇ ಮಾಲೀಕರು ಕೊಂಡಿದ್ದ ವಾರಂಟಿ ಇನ್ನೂ ಉಳಿದಿರಬಹುದು. ಅದು ನಮ್ಮ ಹೆಸರಿಗೆ ಬರುತ್ತದೆಯೇ ಎಂದು ಕೇಳಿ. ಬರುವುದಾದರೆ ಇನ್ನೊಂದು ವಾರಂಟಿಗೆ ಹಣ ಕೊಡುವ ಅಗತ್ಯ ಇಲ್ಲ.

10. ಹಣ ಕೊಡುವ ಮೊದಲು ಏಳು ಪ್ರಶ್ನೆ

1. ವಾರಂಟಿ ಕೊಡುವವರು ಯಾರು? ಕಾರು ಮಾಡಿದ ಕಂಪನಿಯೋ, ಅಂಗಡಿಯೋ, ಬೇರೆಯವರೋ?
2. ಯಾವ ಭಾಗ ಸೇರಿದೆ? ಯಾವುದು ಸೇರಿಲ್ಲ?
3. ಹೆಚ್ಚೆಂದರೆ ಎಷ್ಟು ಹಣ ಕೊಡುತ್ತಾರೆ?
4. ಯಾವ ದಿನದಿಂದ ಯಾವ ದಿನದವರೆಗೆ? ಎಷ್ಟು ಕಿಲೋಮೀಟರ್?
5. ರಿಪೇರಿ, ಸರ್ವೀಸ್ ಎಲ್ಲಿ ಮಾಡಿಸಬೇಕು? ಅದು ಎಷ್ಟು ದೂರ?
6. ಯಾವ ತಪ್ಪು ಮಾಡಿದರೆ ವಾರಂಟಿ ಹೋಗುತ್ತದೆ?
7. ಅದೇ ಹಣವನ್ನು ನಾವೇ ಕೂಡಿಟ್ಟರೆ ಸಾಲುತ್ತದೆಯೇ?

ಕಾಗದ ಇಂಗ್ಲಿಷಿನಲ್ಲಿ ಇದ್ದರೆ ಹೆದರಬೇಡಿ. ಓದಬಲ್ಲವರಿಂದ ಓದಿಸಿ. ಕೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಅರ್ಥ ಆಗದ ಕಾಗದಕ್ಕೆ ಸಹಿ ಹಾಕಬೇಡಿ.

11. ತಿಳಿದಿರಲಿ

ಕಾರು ಕೊಂಡ ಮೇಲೆ ಆರ್.ಸಿ. ನಮ್ಮ ಹೆಸರಿಗೆ ಆಗಬೇಕು. ಕೊಂಡವರು 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಡಬೇಕು. ಇದಕ್ಕೆ ಫಾರಂ 29 ಮತ್ತು ಫಾರಂ 30 ಬೇಕು. ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಕಾರಿನ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದೂ ಆರ್.ಸಿ.ಯಲ್ಲಿ ನೋಡಿ.

ಎಂಜಿನ್ ಕಾದ ಸೂಚನೆ ಬಂದರೆ ಕೂಡಲೇ ಕಾರು ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬಿಸಿ ನೀರು ಚಿಮ್ಮಿ ಸುಡುತ್ತದೆ.

ವಾರಂಟಿ ಕೊಂಡಿದ್ದೀರಾ? ಕಾಗದದಲ್ಲಿ ಇದ್ದರೂ ಅವರು ರಿಪೇರಿ ಮಾಡಿಕೊಡಲಿಲ್ಲವೇ? ಮೊದಲು ಅವರಿಗೆ ಬರೆದು ಕೇಳಿ. ಪ್ರತಿ ಇಟ್ಟುಕೊಳ್ಳಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರು 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರಿಲ್ಲದೆ ನಾವೇ ಹೇಳಿಕೊಳ್ಳಬಹುದು. ಆದರೆ ಬಿಲ್ಲು, ಕಾಗದ ಕೈಯಲ್ಲಿ ಇರಬೇಕು.

ಹೊಸ ಪದಗಳು

ವಾರಂಟಿ: ಕೆಟ್ಟರೆ ಸರಿ ಮಾಡಿಕೊಡುತ್ತೇವೆ ಎಂದು ಬರೆದುಕೊಟ್ಟ ಮಾತು
ವಿಮೆ: ಅಪಘಾತ, ಕಳವು ಮುಂತಾದ ನಷ್ಟಕ್ಕೆ ಪರಿಹಾರ ಪಡೆಯಲು ಕಟ್ಟುವ ಹಣದ ಏರ್ಪಾಡು
ಷರತ್ತು: ಪಾಲಿಸಲೇಬೇಕಾದ ಕರಾರು
ಅವಧಿ: ಇಂದಿನಿಂದ ಇಂಥ ದಿನದವರೆಗೆ ಎಂಬ ಕಾಲ
ಗ್ರಾಹಕ: ಹಣ ಕೊಟ್ಟು ವಸ್ತು ಅಥವಾ ಸೇವೆ ಪಡೆಯುವವರು

ಉತ್ತರ ಬರೆಯಿರಿ

1. ಶಿವಣ್ಣನ ಮನೆಗೆ ಕಾರು ಏಕೆ ಬೇಕಾಯಿತು?
2. ವಾರಂಟಿಗೂ ವಿಮೆಗೂ ಏನು ವ್ಯತ್ಯಾಸ?
3. ಕ್ಲಚ್ ಪ್ಲೇಟಿಗೆ ವಾರಂಟಿಯವರು ಏಕೆ ಹಣ ಕೊಡುವುದಿಲ್ಲ?
4. ರಹಮತ್ ತಣ್ಣಗಿರುವ ಎಂಜಿನ್ ನೋಡಬೇಕು ಎಂದದ್ದು ಏಕೆ?

ಲೆಕ್ಕ ಮಾಡಿ

ಒಂದು ಹಳೇ ಕಾರಿನ ವಾರಂಟಿಗೆ 7,000 ರೂಪಾಯಿ. ಸರ್ವೀಸಿಗೆ ವರ್ಷಕ್ಕೆ 2,500 ಹೆಚ್ಚು ಖರ್ಚು. ವಾರಂಟಿಯವರು ಹೆಚ್ಚೆಂದರೆ 15,000 ಕೊಡುತ್ತಾರೆ. ರಿಪೇರಿಗೆ 22,000 ಬಂತು. ವಾರಂಟಿ ಇದ್ದರೆ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ? ಇಲ್ಲದಿದ್ದರೆ ಎಷ್ಟು?

ಕೂತು ಮಾತಾಡಿ

ನಿಮ್ಮ ಮನೆಯಲ್ಲಿ ಟಿ.ವಿ., ಮಿಕ್ಸಿ, ಮೋಟಾರು ಪಂಪು ಯಾವುದಕ್ಕಾದರೂ ವಾರಂಟಿ ಚೀಟಿ ಇದೆಯೇ? ಮುಂದಿನ ಸಲ ತರಗತಿಗೆ ಬರುವಾಗ ತನ್ನಿ. ಎಲ್ಲರೂ ಸೇರಿ ಓದಿ. "ಕೊಡ್ತಾರೆ", "ಕೊಡಲ್ಲ" ಎಂದು ಎರಡು ಪಟ್ಟಿ ಮಾಡಿ.